ಇಬ್ಬರ ಪಾಲಿನ ಜೀಪು

"ಕೈ ತಗೀರಿ ಬಾಯಾರ! ಈ ಗಾಡಿ ನಂದು!"

ಗೌರಾಬಾಯಿ ಬೆಚ್ಚಿ ತಿರುಗಿದಳು. ಎಣ್ಣೆಯ ಕಲೆಯ ಅಂಗಿ, ಕೆದರಿದ ಕೂದಲು, ನಿದ್ದೆಗೆಟ್ಟು ಕೆಂಪಾದ ಕಣ್ಣು. ಮೂವತ್ತೈದರ ಆಸುಪಾಸಿನ ಗಂಡಸೊಬ್ಬ ಅಂಗಳದ ಬಾಗಿಲಲ್ಲಿ ನಿಂತು ಅವಳನ್ನೇ ದುರುಗುಟ್ಟಿ ನೋಡುತ್ತಿದ್ದ.

"ನಿಮ್ಮದು? ಯಾವಾಗಿಂದ್ರಿ?"

"ಹೋದ ವಾರನ ಬಂದು ನೋಡಿ ಹೋಗೇನಿ."

"ನೋಡಿ ಹೋದ್ರ ನಿಮ್ಮದಾಗತೈತೇನ್ರಿ? ನಾ ಬಂದಿದ್ದು ತಗೊಂಡು ಹೋಗಾಕ!"

ಅದು ೧೯೬೪ರ ಬೇಸಿಗೆ. ವಿಜಾಪುರದ ಕೋಟೆಗೋಡೆಗೆ ಹತ್ತಿದಂತಿದ್ದ ಪೀರಾಂಬಿಯ ಅಂಗಳದಲ್ಲಿ ಆ ಹಳೆಯ ಜೀಪು ನಿಂತಿತ್ತು. ರಸ್ತೆ ಗುತ್ತಿಗೆ ಮಾಡುತ್ತಿದ್ದ ಪೀರಾಂಬಿಯ ಗಂಡ ಅದರ ಪೆಟ್ರೋಲ್ ಎಂಜಿನ್ ಕಿತ್ತು, ಕೊಲ್ಹಾಪುರದಲ್ಲಿ ಡೀಸೆಲ್ ಎಂಜಿನ್ ಕೂಡಿಸಿಕೊಂಡು ಬಂದಿದ್ದ. ಈಗ ಅವನಿಲ್ಲ. ಬಣ್ಣ ಹೋಗಿತ್ತು, ಬಾನೆಟ್ಟು ತಗ್ಗು ಬಿದ್ದಿತ್ತು. ಆದರೂ ನಾಲ್ಕೂ ಗಾಲಿ ಎಳೆಯುವ ಗಾಡಿ ಅದು. ಮಳೆಗಾಲದಲ್ಲಿ ಎರೆಮಣ್ಣಿನ ದಾರಿ ಹಿಡಿಯುವವರಿಗೆ ಅಂಥದ್ದೇ ಬೇಕು.

ಗದ್ದಲ ಕೇಳಿ ಪೀರಾಂಬಿ ಹೊರಗೆ ಬಂದಳು.

"ಯಾಕ ಬಡದಾಡತೀರಿ? ಒಬ್ಬೊಬ್ರು ಹೇಳ್ರಿ."

"ನಮ್ಮಪ್ಪ ಬಬಲೇಶ್ವರದ ಶಂಕ್ರೆಪ್ಪ," ಎಂದಳು ಗೌರಾಬಾಯಿ. "ಮೂವತ್ತು ವರ್ಷ ಚಕ್ಕಡಿಯೊಳಗ ಸೀರಿ-ಅರಿವಿ ಗಂಟು ಹೇರಕೊಂಡು ಸಂತಿ ತಿರಗ್ಯಾನ. ಹೋದ ಮಳಿಗಾಲದಾಗ ಚಕ್ಕಡಿ ಎರಿಯೊಳಗ ಹೂತು ಮಗಚಿ ಬಿತ್ತು. ಅಪ್ಪನ ತೊಡಿ ಮುರೀತು. ಈಗ ಸಂತಿ ನನ್ನ ಪಾಲಿಗೆ ಬಂದೈತಿ. ಎತ್ತಿಗೂ ವಯಸ್ಸಾಗೇತ್ರಿ, ನನಗೂ ಸಾಕಾಗೇತಿ."

ಪೀರಾಂಬಿ ಆ ಗಂಡಸಿನ ಕಡೆ ತಿರುಗಿದಳು.

"ನಾ ಟಿಕೋಟಾದ ಬಸಗೊಂಡಪ್ಪ. ಹನ್ನೆರಡು ವರ್ಷ ಮಂದಿ ಲಾರಿ ಹೊಡದೀನ್ರಿ. ಹೆಂಡತಿ ಸತ್ತಾಗ ಸುದ್ದಿ ಮುಟ್ಟೂದ್ರಾಗ ಮಣ್ಣ ಆಗಿತ್ತು. ಇನ್ನ ಮಂದಿ ಗಾಡಿ ಬ್ಯಾಡ. ಸ್ವಂತದ್ದೊಂದು ಬೇಕು."

ಗೌರಾಬಾಯಿ ಅವನತ್ತ ನೋಡಿದಳು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ದಣಿವಿತ್ತು, ತನ್ನದರಂಥದ್ದೇ ದಣಿವು...

ಪೀರಾಂಬಿ ಮತ್ತೆ ಗೌರಾಬಾಯಿಯ ಕಡೆ ತಿರುಗಿದಳು.

"ಬೇಟಿ, ನಿನಗ ಗಾಡಿ ಹೊಡ್ಯಾಕ ಬರತೈತೇನು?"

"ಇಲ್ರಿ."

"ಬಸಗೊಂಡಪ್ಪ, ನಿನಗ ಪೂರಾ ರೊಕ್ಕ ಕೊಡಾಕ ಆಗತೈತೇನು?"

ಬಸಗೊಂಡಪ್ಪ ನೆಲ ನೋಡಿದ.

"ಹಂಗಾರ ಇಬ್ರೂ ಕೂಡಿ ತಗೋರಿ. ನಮ್ಮವರ ಗಾಡಿ ಅದು. ದುಡಿಯವ್ರ ಕೈಗೆ ಹೋಗ್ಲಿ."

ಹೀಗೆ, ಒಬ್ಬರನ್ನೊಬ್ಬರು ಅರಿಯದ ಇಬ್ಬರು ಒಂದೇ ಗಾಡಿಗೆ ಮಾಲೀಕರಾದರು!

*

ಸಂತೆಯ ದಿನ ಜೀಪು ಗೌರಾಬಾಯಿಯದು. ಉಳಿದ ದಿನ ಬಸಗೊಂಡಪ್ಪ ಹೊನವಾಡ, ಕಳ್ಳಕವಟಗಿಯ ಕಡೆ ಮಂದಿಯನ್ನೂ ಮಾಲನ್ನೂ ಹೇರುತ್ತಿದ್ದ. ಯಾರ ದಿನವಾದರೂ ಓಡಿಸುವವನು ಅವನೇ.

ಮೊದಲ ತಿಂಗಳಲ್ಲೇ ಜಗಳ.

"ಈ ಸೀರಿ ಮೂಸಿ ನೋಡ್ರಿ! ಡೀಸಲ್ ನಾರತೈತಿ! ಮಮದಾಪುರದ ಹೆಣಮಗಳು ಮಕದ ಮ್ಯಾಲ ಒಗದು ಹೋದಳು!"

ಅವನು ಸೀರೆ ಮೂಸಿದ. ಮಡಚಿ ಗಂಟಿನ ಮೇಲಿಟ್ಟು ಹೋದ.

'ಕಲ್ಲಿನಂಥ ಮನುಷ್ಯ!' ಎಂದು ಅವಳು ಮನಸ್ಸಿನಲ್ಲೇ ಬೈದಳು.

ಮುಂದಿನ ಸಂತೆಗೆ ಜೀಪಿನ ಹಿಂಭಾಗದಲ್ಲಿ ಕಟ್ಟಿಗೆಯ ದೊಡ್ಡ ಪೆಟ್ಟಿಗೆಯೊಂದು ಕೂತಿತ್ತು. ಒಳಗೆಲ್ಲ ತಗಡು ಬಡಿದು, ತಳಕ್ಕೆ ಒಣಗಿದ ಬೇವಿನ ಎಲೆ ಹಾಸಿತ್ತು. ಅಂದು ರೊಟ್ಟಿಯ ಗಂಟು ಬಿಚ್ಚಿದಾಗ ಅವಳು ಅವನ ಪಾಲಿಗೆ ಒಂದು ರೊಟ್ಟಿ ಹೆಚ್ಚು ಇಟ್ಟಳು.

ಆ ಹಳೆಯ ಎಂಜಿನ್ ಸುಮ್ಮನೆ ದುಡಿಯುವಂಥದ್ದಲ್ಲ. ಚಳಿಗಾಲದ ಮುಂಜಾನೆ ಹಠ ಹಿಡಿಯುತ್ತಿತ್ತು. ಏರಿನಲ್ಲಿ ಕರಿ ಹೊಗೆ ಕಾರುತ್ತಿತ್ತು. ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿ ನಡುದಾರಿಯಲ್ಲಿ ನಿಂತುಬಿಡುತ್ತಿತ್ತು. ಅವನು ಬಾನೆಟ್ಟಿನೊಳಗೆ ತಲೆ ಹಾಕಿದರೆ ಅವಳು ಸೀಟಿನಲ್ಲಿ ಕುಳಿತು ಗಾಳಿ ತೆಗೆಯಲು ಅವನು ಪಂಪು ಒತ್ತುವ ಸದ್ದು ಕೇಳುತ್ತ ಕಣ್ಣು ಮುಚ್ಚುತ್ತಿದ್ದಳು. ಮರಳಿ ಬರುವಾಗ ಇಬ್ಬರಿಗೂ ಮಾತಾಡಲು ತ್ರಾಣವಿರುತ್ತಿರಲಿಲ್ಲ. ಅವಳಿಗೆ ತೂಕಡಿಕೆ ಬಂದರೆ ಗಾಡಿ ತಾನಾಗಿ ನಿಧಾನವಾಗುತ್ತಿತ್ತು.

ಆಮೇಲೆ ಅವಳೊಂದು ಗಮನಿಸಿದಳು.

ಅವನು ಮತ್ತೆ ಮತ್ತೆ ಅವಳತ್ತ ಕತ್ತು ಹೊರಳಿಸುತ್ತಿದ್ದ. ಒಮ್ಮೆಯಲ್ಲ, ದಾರಿಯುದ್ದಕ್ಕೂ!

'ಯಾಕ ಹಿಂಗ ನೋಡತಾನ?'

ಸೆರಗು ಸರಿಮಾಡಿಕೊಂಡು ಹೊರಗೆ ನೋಡುತ್ತಿದ್ದಳು. ಹತ್ತೊಂಬತ್ತಕ್ಕೆ ಗಂಡನನ್ನು ಕಳಕೊಂಡು ತವರಿಗೆ ಬಂದವಳು ಅವಳು. ಆ ಗಂಡ ಕುಡಿದು ಕುಡಿದು ಸತ್ತಿದ್ದ. ಇನ್ನು ಈ ಜನ್ಮಕ್ಕೆ ಇಂಥದ್ದೇನೂ ಬೇಡವೆಂದು ಗಟ್ಟಿಮಾಡಿಕೊಂಡಿದ್ದಳು. ಆದರೂ ದೂರದಿಂದ ಆ ಜೀಪಿನ ಕಟಕಟ ಸದ್ದು ಕೇಳಿ ಅಪ್ಪ, "ಬಂತ ನೋಡು ನಿನ್ನ ಗಾಡಿ," ಎಂದಾಗ ಅವಳ ಕೈ ತಾನಾಗಿ ಕನ್ನಡಿಯ ಕಡೆ ಹೋಗುತ್ತಿತ್ತು...

*

೧೯೬೬ರ ಮಳೆಗಾಲ ಎಲ್ಲವನ್ನೂ ಕೆಡಿಸಿತು.

ಟಿಕೋಟಾ ಸಂತೆಯಲ್ಲಿ ಜೀಪಿನ ಎಡಮಗ್ಗುಲು ತಾಗಿ ಅಂಗಡಿಯೊಂದರ ಕಂಬ ಬಿತ್ತು. ಮಮದಾಪುರದ ಕೆರೆ ಏರಿಯ ಮೇಲೆ ಎಡಕ್ಕೆ ಸರಿದು ನಿಂತ ಚಕ್ಕಡಿಗೆ ಸವರಿತು. ಹನ್ನೆರಡು ವರ್ಷ ಲಾರಿ ಓಡಿಸಿದವನಿಗೆ ಇದೇನಾಯಿತು?

ಟಿಕೋಟಾದ ಚಹಾ ಅಂಗಡಿಯ ಈರಯ್ಯ ಅವಳನ್ನು ಪಕ್ಕಕ್ಕೆ ಕರೆದ.

"ಹೇಳಬಾರದು ಬಾಯಾರ... ಬಸಗೊಂಡ ಈಗೀಗ ಕುಡ್ಯಾಕತ್ಯಾನ ಅಂತ ಮಂದಿ ಮಾತಾಡಾಕತ್ತೈತಿ. ನೀವು ಅವನ ಬಾಜೂಕ ಕುಂತು ಹೋಗೂವ್ರು. ಜ್ವಾಕಿ."

ಅವಳು ಜೀಪಿನ ಕಡೆ ತಿರುಗಿ ನೋಡಿದಳು. 'ಮತ್ತ ಅದ? ಮತ್ತ ಅಂಥವನ?'

ಅದೇ ವಾರ ಡೋಣಿ ಹೊಳೆ ದಾಟುವಾಗ ಅನಾಹುತವಾಯಿತು. ನೀರಿನೊಳಗಿನ ದಾರಿಯ ಎರಡೂ ಅಂಚಿಗೆ ಕಲ್ಲು ನೆಟ್ಟಿದ್ದರು. ನೀರು ಇನ್ನೂ ಗಾಲಿಯ ಅರ್ಧಕ್ಕಿತ್ತು, ಕಲ್ಲಿನ ತಲೆ ಚೆನ್ನಾಗಿಯೇ ಕಾಣುತ್ತಿತ್ತು. ಅವನು ಸಣ್ಣ ಗೇರ್ ಎಳೆದು ನಾಲ್ಕೂ ಗಾಲಿಗೆ ಶಕ್ತಿ ಕೊಟ್ಟು ನೀರಿಗಿಳಿದ.

ನಡುಹೊಳೆಯಲ್ಲಿ ಎಡಗಡೆಯ ಗಾಲಿ ಅಂಚು ಬಿಟ್ಟಿತು!

ಜೀಪು ಅವಳ ಕಡೆಗೇ ವಾಲಿತು. ಹೊರಗೆ ಕಟ್ಟಿದ್ದ ಬಟ್ಟೆಯ ಗಂಟೊಂದು ನೀರಿಗೆ ಬಿದ್ದು ಹರಿದುಹೋಯಿತು. ಅವಳು ಕಿರುಚಿ ಕಬ್ಬಿಣದ ಹಿಡಿಕೆಗೆ ಜೋತುಬಿದ್ದಳು. ಅವನು ಹಲ್ಲು ಕಚ್ಚಿ ಹಿಂದಕ್ಕೆ ತೆಗೆದ. ಎಂಜಿನ್ ಗರ್ಜಿಸಿತು, ಗಾಲಿಗಳು ತಳ ಕೆರೆದವು... ಹೇಗೋ ಗಾಡಿ ದಂಡೆಗೆ ಬಂತು.

ಅವಳು ಇಳಿದು ಅವನೆದುರು ನಿಂತಳು.

"ಕುಡದೀರೇನು?"

ಅವನು ಹೊಳೆಯ ಕಲ್ಲುಗಳ ಕಡೆ ಕತ್ತು ಹೊರಳಿಸಿದ.

"ಹೇಳ್ರಿ!"

"...ನನ್ನ ತಪ್ಪಾತ್ರಿ."

"ನನ್ನ ಗಂಡನೂ ಹಿಂಗ ಅಂತಿದ್ದ. ದಿನಾ ಅಂತಿದ್ದ!" ಅವಳ ದನಿ ಒಡೆಯಿತು. "ನಾಳಿಂದ ಬರಬ್ಯಾಡ್ರಿ. ಗಾಡಿ ಮಾರೂಣು. ಸಾಕು."

ಅವನು ತಲೆ ತಗ್ಗಿಸಿದ. ಇಲ್ಲವೆನ್ನಲಿಲ್ಲ.

*

ಮತ್ತೆ ಚಕ್ಕಡಿ. ಮತ್ತೆ ಕೆಸರು. ಎತ್ತು ಮಂಡಿಯೂರಿದರೆ ಇಳಿದು ಗಾಲಿಗೆ ಹೆಗಲು ಕೊಡಬೇಕು. ಮನೆ ಸೇರಿದಾಗ ಉಣ್ಣಲೂ ಕೈ ಏಳುತ್ತಿರಲಿಲ್ಲ.

ಒಂದು ಸಂಜೆ ಶಂಕ್ರೆಪ್ಪ ಹೊರಸಿನ ಮೇಲಿಂದ ಕೇಳಿದ:

"ಅವತ್ತ ಅವನ ಬಾಯಿ ವಾಸನಿ ಬಂದಿತ್ತೇನು, ತಂಗಿ?"

ಅವಳು ತಡವರಿಸಿದಳು. ಎಷ್ಟು ನೆನಪಿಸಿಕೊಂಡರೂ ಡೀಸೆಲ್ ವಾಸನೆ, ಬೆವರಿನ ವಾಸನೆ. ಅಷ್ಟೇ.

"ಇಲ್ಲಪ್ಪ."

"ಮತ್ತ?"

ಮತ್ತೆ? ಅವಳು ಎದ್ದು ಎತ್ತಿಗೆ ಮೇವು ಹಾಕಲು ಹೋದಳು.

ಆದರೆ ಮಾತು ಆಡಿಯಾಗಿತ್ತು. ವಿಜಾಪುರದ ಸಾಬಣ್ಣ ಎಂಬ ವ್ಯಾಪಾರಿ ಜೀಪು ನೋಡಲು ಬರುತ್ತೇನೆಂದ. ಗೌರಾಬಾಯಿ ಬಸ್ಸು ಹಿಡಿದು ಟಿಕೋಟಾಕ್ಕೆ ಬಂದಳು. ಈರಯ್ಯನ ಅಂಗಡಿಯ ಮುಂದೆ ಜೀಪು ನಿಂತಿತ್ತು. ಬಸಗೊಂಡಪ್ಪ ಅದನ್ನು ತೊಳೆದು ಒರೆಸಿ ಇಟ್ಟಿದ್ದ. ತಾನು ಮಾತ್ರ ಸೊರಗಿದ್ದ. ಕಲ್ಲುಬೆಂಚಿನ ಮೇಲೆ ಕುಳಿತು ಎದುರಿಗೇ ದಿಟ್ಟಿಸುತ್ತಿದ್ದ. ಅವಳು ಬೆಂಚಿನ ಇನ್ನೊಂದು ತುದಿಗೆ, ಅವನ ಎಡಕ್ಕೆ ಕುಳಿತಳು.

ಸಾಬಣ್ಣ ಜೀಪಿನ ಕೆಳಗೆ ಬಾಗಿ ನೋಡುತ್ತಿದ್ದ. ಈರಯ್ಯ ಎರಡು ಗ್ಲಾಸು ಚಹಾ ಅವಳ ಕೈಗೆ ಕೊಟ್ಟು ಹೋದ. ಅವಳು ಒಂದನ್ನು ಅವನ ಕಡೆ ಚಾಚಿದಳು.

ಅವನು ತೆಗೆದುಕೊಳ್ಳಲಿಲ್ಲ.

'ಇಷ್ಟು ಸೊಕ್ಕೇನು!' ಬೆರಳು ಸುಡುತ್ತಿತ್ತು. "ಚಾ ತಗೋರಿ."

ಅವನು ಬೆಚ್ಚಿದ. ಇಡೀ ಕತ್ತು ಹೊರಳಿಸಿದ. ಆಮೇಲಷ್ಟೇ ಗ್ಲಾಸು ಕಂಡವನಂತೆ ಕೈ ನೀಡಿದ.

ಗೌರಾಬಾಯಿ ಕಲ್ಲಾದಳು.

ಎಡಗಡೆಯ ಕಂಬ. ಎಡಗಡೆಯ ಚಕ್ಕಡಿ. ಎಡಗಡೆಯ ಗಾಲಿ...

ಅವನು ಮತ್ತೆ ಮುಂದೆ ನೋಡಿದಾಗ, ಅವಳು ಸದ್ದಿಲ್ಲದೆ ಅವನ ಎಡಗಣ್ಣಿನ ಪಕ್ಕದಲ್ಲೇ ಕೈ ಆಡಿಸಿದಳು. ರೆಪ್ಪೆ ಅಲುಗಲಿಲ್ಲ.

"ಯಾವಾಗಿಂದ?" ಎಂದಳು.

ಅವನಿಗೆ ತಿಳಿಯಿತು. ಗ್ಲಾಸು ಕೆಳಗಿಟ್ಟ.

"ವರ್ಷದ ಮ್ಯಾಲಾತ್ರಿ. ಮೊದಲ ಮಂಜ ಬಿದ್ದಂಗ ಆಗತಿತ್ತು. ಈಗ ಆ ಕಡಿ ಏನೂ ಇಲ್ಲ."

"ಯಾಕ ಹೇಳಲಿಲ್ಲ? ನಾ ನಿಮ್ಮನ್ನ ಕುಡುಕ ಅಂದೆ... ಅದನ್ನರ ಯಾಕ ಕೇಳಿಸಿಕೊಂಡ್ರಿ?"

"ನಿಮ್ಮನ್ನ ಬಾಜೂಕ ಕುಂಡರಿಸಿಕೊಂಡು ಅರೆಗುರುಡ ಗಾಡಿ ಹೊಡದೀನಿ. ಕುಡದು ಹೊಡದಿದ್ಕಿಂತ ಅದೇನ ಕಡಿಮಿ ತಪ್ಪರಿ? ಆ ಬೈಗಳ ನನಗ ಬರಬೇಕಾಗಿತ್ತು."

"ಹೌದು! ಬರಬೇಕಾಗಿತ್ತು!" ಅವಳ ಕಣ್ಣು ತುಂಬಿ ಬಂತು. "ನಾ ಹೊಳ್ಯಾಗ ಹೋಗಿದ್ರ?"

"ಆ ಮಾತ ದಿನಾ ತಿನ್ನಾಕತ್ತೈತ್ರಿ ನನ್ನ."

ಅವಳ ಮನಸ್ಸಿಗೆ ಇನ್ನೊಂದು ಹೊಳೆಯಿತು. ಕೇಳಬಾರದೆಂದುಕೊಂಡರೂ ಕೇಳಿಬಿಟ್ಟಳು.

"ಹಂಗಾರ... ನೀವು ದಾರ್ಯಾಗ ಹೊರಳಿ ಹೊರಳಿ ನೋಡತಿದ್ದಿದ್ದು?"

"ರಸ್ತಾರಿ. ಎಡಗಡೆ ಅಂಚು ಕಾಣತಿದ್ದಿಲ್ಲ."

ಅಷ್ಟೇನಾ? ಇಷ್ಟು ದಿನ ಮನಸ್ಸಿನಲ್ಲಿ ಬಚ್ಚಿಟ್ಟುಕೊಂಡಿದ್ದು... ರಸ್ತೆಯ ಅಂಚು?

ಅವನು ತಡೆದು ತಡೆದು ಹೇಳಿದ:

"ಸುಳ್ಳ ಯಾಕ ಹೇಳಲಿ... ಹೊರಳತಿದ್ದಿದ್ದು ರಸ್ತಾ ನೋಡಾಕ. ಆದ್ರ ಕಣ್ಣ ನಿಮ್ಮ ಮ್ಯಾಲ ನಿಂತಬಿಡತಿತ್ತು. ಹೇಳಿದ್ರ ಗಾಡಿಯಿಂದ ಇಳಸತೀರಿ. ಇಳದ್ರ ಮತ್ತ ಯಾವ ನೆವಾ ಹಿಡಕೊಂಡು ನಿಮ್ಮ ಮನಿ ಮುಂದ ಬರಲಿ? ಅದಕ್ಕ ಬಾಯಿ ಬಿಡಲಿಲ್ಲ. ಹೆದರಿದೆ."

ಗೌರಾಬಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಳುವೋ ನಗುವೋ ಅವಳಿಗೇ ತಿಳಿಯಲಿಲ್ಲ.

ಅಷ್ಟರಲ್ಲಿ ಸಾಬಣ್ಣ ಕೈ ಝಾಡಿಸಿಕೊಳ್ಳುತ್ತ ಬಂದ.

"ಎಂಜಿನ್ ಛಲೋ ಐತಿ. ಮಾತು ಮುಗಸೂಣ?"

"ಇಲ್ರಿ," ಎಂದು ಅವಳು ಎದ್ದು ನಿಂತಳು. "ಗಾಡಿ ಮಾರೂದಿಲ್ಲ."

"ಮತ್ತ ಯಾರು ಹೊಡೀತಾರು?" ಎಂದು ಈರಯ್ಯ ಅಂಗಡಿಯಿಂದಲೇ ಕೇಳಿದ.

"ನಾ ಹೊಡೀತೀನಿ!"

ಈರಯ್ಯನ ಕೈಯಲ್ಲಿದ್ದ ಚಹಾದ ಪಾತ್ರೆ ಅಲ್ಲೇ ನಿಂತಿತು.

*

ಸುಗ್ಗಿ ಮುಗಿದ ಜೋಳದ ಹೊಲದಲ್ಲಿ ಅವಳು ಗಾಡಿ ಕಲಿತಳು. ಕ್ಲಚ್ಚಿಗೆ ಕಾಲು ಎಟುಕದೆ ಬೆನ್ನ ಹಿಂದೆ ಬಟ್ಟೆಯ ಗಂಟು ಇಟ್ಟುಕೊಂಡಳು. ಸ್ಟೇರಿಂಗ್ ಎಷ್ಟು ಗಡುಸೆಂದರೆ ರಾತ್ರಿ ತೋಳು ಎತ್ತಲಾಗುತ್ತಿರಲಿಲ್ಲ. ಬಬಲೇಶ್ವರದ ಮಂದಿ ಬದುವಿನ ಮೇಲೆ ನಿಂತು ನಕ್ಕರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳು ಮತ್ತೆ ಗೇರ್ ಹಾಕಿದಳು. ಲೈಸೆನ್ಸಿಗೆ ಹೋದಾಗ ಅಧಿಕಾರಿ, "ಯಾರ ಹೆಸರಿಗೆ?" ಎಂದು ಮತ್ತೆ ಮತ್ತೆ ಕೇಳಿದ.

ಮೊದಲ ದೊಡ್ಡ ಪ್ರಯಾಣ ವಿಜಾಪುರದ ಕಣ್ಣಿನ ಡಾಕ್ಟರ ಹತ್ತಿರ. ಅವರು ಬಹಳ ಹೊತ್ತು ನೋಡಿದರು. ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ಬಲಗಣ್ಣು ಉಳಿಯಬೇಕಾದರೆ ದಿನವೂ ಔಷಧಿ ಬಿಡಬೇಕು, ಉಳಿದೀತು ಎಂದರು. ಅಷ್ಟೇ ಭರವಸೆ.

ಮರಳುವಾಗ ಗೌರಾಬಾಯಿ ಓಡಿಸುತ್ತಿದ್ದಳು. ಬಸಗೊಂಡಪ್ಪ ಎಡಗಡೆಯ ಸೀಟಿನಲ್ಲಿ ಸುಮ್ಮನೆ ಕುಳಿತಿದ್ದ. ಬಯಲೆಲ್ಲ ಸಂಜೆಯ ಬಿಸಿಲು. ಎಂಜಿನ್ನಿನ ಕಟಕಟ ಒಂದೇ ಸಮ.

"ಏನ ವಿಚಾರ?" ಎಂದಳು.

"ಏನಿಲ್ಲ. ಇಲ್ಲಿ ಕುಂತ್ರ ಛಲೋ ಕಣ್ಣು ನಿಮ್ಮ ಕಡಿ ಆತು. ಕತ್ತ ಹೊರಳಿಸೂದ ಬೇಕಾಗಿಲ್ಲ."

ಅವಳ ಕೆನ್ನೆ ಬಿಸಿಯಾಯಿತು. ಗಾಡಿ ಒಂದು ತಗ್ಗಿಗೆ ಬಿದ್ದು ಎದ್ದಿತು.

"ರಸ್ತಾ ನೋಡ್ರಿ ಬಾಯಾರ!"

"ನೋಡಾಕತ್ತೀನಿ! ನೀವು ಸುಮ್ಮ ಕುಂಡ್ರಿ!"

ಇಬ್ಬರೂ ನಕ್ಕರು. ಎಷ್ಟೋ ದಿನಗಳ ಮೇಲೆ.

ಟಿಕೋಟಾ ಬಂತು. ಅವನ ಓಣಿಯ ತಿರುವಿನಲ್ಲಿ ಅವಳು ಗಾಡಿ ನಿಲ್ಲಿಸಿದಳು. ಅವನು ಇಳಿದು, ಬಾಗಿಲ ಪಟ್ಟಿ ಹಿಡಿದು ನಿಂತ. ಅವಳು ಗೇರ್ ಹಾಕಲಿಲ್ಲ. ಸ್ಟೇರಿಂಗಿನ ಮೇಲೆ ಹಣೆಯಿಟ್ಟಳು.

"ಏನಾತ್ರಿ? ದಣಿದ್ರೇನು?"

"ಹೂಂ. ಬಾಳ ದಣಿದೀನಿ."

"ಇಳದು ಒಂದೀಟು ಚಾ ಕುಡದು ಹೋಗ್ರಿ."

"ಚಾಕ್ಕ ಹೋಗೂ ದಣಿವಲ್ಲ ಇದು." ಅವಳು ತಲೆಯೆತ್ತಲಿಲ್ಲ. "ಅಪ್ಪಗ ಮುಂಜಾನಿ ಹೇಳೇ ಬಂದೀನಿ. ಹಿರ್ಯಾರ ಮುಂದ ಕೂಡಿಕಿ ಲಗ್ನ ಮಾಡೂಣು ಅಂದ. ಇನ್ನ ನೀವು ಏನಂತೀರೋ ನನಗ ಗೊತ್ತಿಲ್ಲ. ನನಗ ಗೊತ್ತಿರೂದು ಒಂದ. ದಿನಾ ಸಂಜಿಕ್ಕ ನಿಮ್ಮನ್ನ ಇಲ್ಲಿ ಬಿಟ್ಟು, ಒಬ್ಬಾಕಿನ ಬಬಲೇಶ್ವರಕ್ಕ ಗಾಡಿ ಹೊಡಕೊಂಡು ಹೋಗೂದು... ಇನ್ನ ನನ್ನ ಕೈಲೆ ಆಗೂದಿಲ್ಲ."

ಎಂಜಿನ್ ಒಂದೇ ಸದ್ದು ಮಾಡುತ್ತಿತ್ತು.

ಆಮೇಲೆ ಸೀಟು ಕಿರ್ರೆಂದಿತು. ಅವನು ಮತ್ತೆ ಹತ್ತಿ ಪಕ್ಕದಲ್ಲಿ ಕುಳಿತಿದ್ದ. ಸ್ಟೇರಿಂಗ್ ಹಿಡಿದ ಅವಳ ಕೈಯ ಮೇಲೆ ತನ್ನ ಒರಟು ಕೈ ಇಟ್ಟ.

"ಹಂಗಾರ... ಬಿಡಬ್ಯಾಡ, ಗೌರಾ."