ಹೂಂ ಅನ್ನುವ ಹಗೇವು

“ಆ ಕಲ್ಲಿನ ಮ್ಯಾಲೆ ಬೇಕಾದ್ರ ಹಪ್ಪಳಾ ಒಣಗಸು, ಬೇಕಾದ್ರ ಕುಂತು ಉಣ್ಣು. ಎತ್ತೂದು ಮಾತ್ರ ಮಾಡಬ್ಯಾಡ ನೋಡವಾ.”

ಬಾಜು ಮನೆಯ ಮುದುಕಿ ದುಂಡವ್ವ ಈ ಮಾತು ಹೇಳಿದ್ದು ನೀಲಕ್ಕ ಕುಬಿಹಾಳಕ್ಕೆ ಬಂದಿಳಿದ ಮೊದಲ ದಿನವೇ. ಆಗಿನ್ನೂ ನೀಲಕ್ಕ ತಗಡಿನ ಟ್ರಂಕು ಕೆಳಗಿಟ್ಟಿರಲಿಲ್ಲ, ಬಾಗಿಲ ಬೀಗ ತೆಗೆದಿರಲಿಲ್ಲ. ಅಂಗಳದ ನಡುವೆ ಒಂದು ದೊಡ್ಡ ಹಾಸುಗಲ್ಲು ಮಲಗಿತ್ತು. ಅದರ ಸುತ್ತ ಮಣ್ಣು ಬೂದಿ ಕಲಸಿ ಮೆತ್ತಿದ್ದು ಕಾಲ ಸವೆದಂತೆ ಕಲ್ಲಿನಷ್ಟೇ ಗಟ್ಟಿಯಾಗಿತ್ತು.

“ಎತ್ತಿದ್ರ ಏನಾಕ್ಕೈತಬೇ, ನುಂಗತೈತೇನು?” ನೀಲಕ್ಕ ನಕ್ಕಳು.

“ನುಂಗೂದಿಲ್ಲ,” ಎಂದಳು ದುಂಡವ್ವ, ಬೇರೆ ಕಡೆ ನೋಡುತ್ತ. “ಇಟಗೋತೈತಿ.”

ಅದು ಎಂಬತ್ತನಾಲ್ಕರ ಮಳೆಗಾಲ. ನೀಲಕ್ಕನಿಗೆ ಮೂವತ್ನಾಲ್ಕು ವರ್ಷ. ಗಂಡ ಇನ್ನೊಬ್ಬಳನ್ನು ಮನೆಗೆ ತಂದ ಮೇಲೆ ಅವಳು ಮಿಶ್ರಿಕೋಟಿಯ ತವರಿಗೆ ಬಂದು ಏಳು ವರ್ಷ ಅಣ್ಣ ಅಂದಾನೆಪ್ಪನ ಮನೆಯಲ್ಲಿದ್ದಳು. ಗದ್ದೆಗೆ ಹೋಗು ಅಂದರೆ ಹೂಂ. ಸಗಣಿ ಬಳಿ ಅಂದರೆ ಹೂಂ. ಬೀಗರು ಬಂದಾರ, ಒಳಗಿರು ಅಂದರೆ ಹೂಂ. ಏಳು ವರ್ಷದಲ್ಲಿ ಅವಳ ಬಾಯಿಂದ ಹೊರಟ ಮಾತೆಲ್ಲ ಕೂಡಿಸಿದರೆ ಅದೊಂದೇ ಆಗುತ್ತಿತ್ತು. ಮಕ್ಕಳಿಲ್ಲದ ಚಿಗವ್ವ ಸಣ್ಣವ್ವ ತೀರಿಕೊಂಡು, ಕುಬಿಹಾಳದ ಈ ಮನೆ, ಎರಡೆಕರೆ ಎರೆಹೊಲ ಅವಳ ಹೆಸರಿಗೆ ಬಂದಾಗ ಅಂದಾನೆಪ್ಪ ಹೇಳಿದ, “ಮಾರಿ ರೊಕ್ಕಾ ನನ್ನ ಕೈಯಾಗ ಕೊಡು.” ಆ ದಿನ ಮೊದಲ ಸಲ ನೀಲಕ್ಕ ಹೂಂ ಅನ್ನಲಿಲ್ಲ. ಬಸ್ಸು ಹತ್ತುವಾಗ ಅವನು ಆರು ತಿಂಗಳಿಗೆ ಹೊಳ್ಳಿ ಬರ್ತಿ ಅಂದ. ಇನ್ನು ಮೇಲೆ ಯಾರಿಗೂ ಹೂಂ ಅನ್ನುವುದಿಲ್ಲ ಎಂದು ಅವಳು ಕಿಟಕಿಯ ಸರಳು ಹಿಡಿದು ತನಗೆ ತಾನೇ ಆಣೆ ಇಟ್ಟುಕೊಂಡಳು.

ಆ ಆಣೆಯ ಬಿಸಿ ಹೆಚ್ಚು ತಟ್ಟಿದ್ದು ದುಂಡವ್ವನಿಗೆ. ಮಳೆ ಬರತೈತಿ, ಕುಳ್ಳು ಒಳಗಿಡು ಅಂದರೆ ನೀಲಕ್ಕ “ಬರಲಿ ಬಿಡು, ಅದಕ್ಕೂ ಕೆಲಸ ಬೇಕಲ್ಲ” ಅನ್ನುವಳು. ತಲೆಗೆ ಎಣ್ಣೆ ಹಚ್ಚಿಕೋ ಅಂದರೆ “ನೀ ಹಚ್ಚಿಕೊಂಡು ಏನ್ ಬೆಳಸೀದಿ?” ಅನ್ನುವಳು. ಮುದುಕಿ ಬೈಯುತ್ತಿದ್ದಳು, ಮರುದಿನ ಬೆಳಿಗ್ಗೆ ಗೋಡೆಯ ಮೇಲಿಂದ ಮತ್ತೆ ಮಜ್ಜಿಗೆಯ ಗಡಿಗೆ ಚಾಚುತ್ತಿದ್ದಳು. ನೀಲಕ್ಕ ಬೇರೆಯವರ ಹೊಲದಲ್ಲಿ ದುಡಿದು, ಅದಕ್ಕೆ ಮುಯ್ಯಿಯಾಗಿ ಎತ್ತು ತಂದು ತನ್ನ ಹೊಲ ಹರಗಿದಳು. ಹಿಂಗಾರಿ ಜೋಳ ಬಿತ್ತಿದಳು. ಫೆಬ್ರವರಿಯಲ್ಲಿ ಮುತ್ತಿನಂಥ ಜೋಳ ಒಂಬತ್ತು ಚೀಲ ಬಂತು.

ಅಲ್ಲಿಂದ ಶುರುವಾಯಿತು. ಒಂಬತ್ತು ಚೀಲ ಇಡುವುದೆಲ್ಲಿ? ಮಣ್ಣಿನ ಮಾಳಿಗೆ ಒಂದು ಕಡೆ ಸೋರುತ್ತಿತ್ತು. ಇಲಿ ಬೇರೆ, ನುಸಿ ಬೇರೆ. ಅವಳ ಊರಿನ ಕಡೆ ಭತ್ತ ಕಣಜದಲ್ಲಿರುತ್ತದೆ. ಈ ಎರೆ ಸೀಮೆಯಲ್ಲಿ ಜೋಳ ಇರುವುದು ನೆಲದೊಳಗೆ, ಹಗೇವಿನಲ್ಲಿ. ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ, ಕೆಳಗೆ ಕೊಡದ ಹೊಟ್ಟೆಯಂಥ ಕುಣಿ, ಸುತ್ತ ಕಣಿಕೆಯ, ಅಂದರೆ ಒಣಗಿದ ಜೋಳದ ದಂಟಿನ ಹಾಸು. ಬಾಯಿಗೆ ಕಲ್ಲು ಮುಚ್ಚಿ ಮೆತ್ತಿದರೆ ಎರಡು ವರ್ಷ ಕಾಳು ಕೆಡುವುದಿಲ್ಲ. ಅಂಥದೊಂದು ತನ್ನ ಅಂಗಳದಲ್ಲೇ ಇರುವಾಗ ಚೀಲ ಮಾರಿಬಿಡು, ಸಣ್ಣವ್ವನ ಹಾಗೆ ಸಂತೆಯಿಂದ ಸಂತೆಗೆ ತಂದು ತಿನ್ನು ಎಂದು ದುಂಡವ್ವ ಹೇಳಿದ್ದು ನೀಲಕ್ಕನಿಗೆ ಹತ್ತಲಿಲ್ಲ.

“ಒಂದು ವರ್ಷದ ಜ್ವಾಳಾ ನನ್ನ ನೆಲದಾಗ ಇತ್ತಂದ್ರ ನಾ ಈ ಊರಾಕಿ. ಇಲ್ಲಾಂದ್ರ ಸಂತಿಗೆ ಬಂದಾಕಿ. ನನ್ನ ಅಣ್ಣ ದಾರಿ ಕಾಯಾಕತ್ತಾನಬೇ. ನಾ ಹೊಳ್ಳಿ ಹೋಗಾಕಿ ಅಲ್ಲ.”

ಆಗ ದುಂಡವ್ವ ಗೋಡೆ ದಾಟಿ ಬಂದು, ದನಿ ತಗ್ಗಿಸಿ ಎಲ್ಲ ಹೇಳಿದಳು. ಸಣ್ಣವ್ವನ ಮಾವ ಕುಬೇರಪ್ಪನ ಕಾಲದಲ್ಲಿ ಈ ಹಗೇವು ತುಂಬಿ ತುಳುಕುತ್ತಿತ್ತಂತೆ. ಊರಿಗೆ ಕಾಳಿಲ್ಲದ ಒಂದು ವರ್ಷ ಅವನ ಹೊಲದಲ್ಲೇ ದುಡಿದ ಫಕೀರವ್ವ ಎಂಬವಳು ಈ ಕಲ್ಲಿನ ಬಾಜು ಮೂರು ದಿನ ಕೂತು, ಯಪ್ಪಾ ಒಂದು ಬೊಗಸೆ ಹಾಕು ಎಂದು ಕೂಗಿದಳಂತೆ. ಕುಬೇರಪ್ಪ ಒಳಗಿಂದ ಓಗೊಡಲಿಲ್ಲ. ನಾಲ್ಕನೆಯ ದಿನ ಅವಳು ಕೂಗುವುದು ಬಿಟ್ಟಳು. ಎಲ್ಲಿಗೋ ಹೋಗಿ, ಸೆರಗಿನಲ್ಲಿ ಏನನ್ನೋ ಕಟ್ಟಿಕೊಂಡು ಬಂದಳು. ಹಗೇವಿಗೆ ಅದನ್ನು ಯಾವಾಗ ಇಳಿಸಿದಳೋ ಯಾರೂ ಕಾಣರು. ನನ್ನ ದನಿ ನಿಮಗ ಕೇಳಲಿಲ್ಲ, ಇನ್ನ ಇದರಾಗ ಇಳದವರ ದನಿ ಇದರಾಗ ಉಳೀಲಿ ಅಂದಳಂತೆ. ಮುಂದಿನ ವರ್ಷ ಕುಬೇರಪ್ಪನ ಒಬ್ಬನೇ ಮಗ, ಸಣ್ಣವ್ವನ ಗಂಡ ಮಡಿವಾಳೆಪ್ಪ, ಕೆಳಗಿಳಿದ.

“ಹಗೇವಿನ್ಯಾಗ ಇಳದವರು ಮಾತಾಡಕೋಂತನ ಇರಬೇಕು. ದನಿ ನಿಂತ್ರ ಮ್ಯಾಲಿನವರು ಜಗ್ಗಬೇಕು. ಅದು ಪದ್ಧತಿ. ಮಡಿವಾಳೆಪ್ಪ ಇದ್ದೇನಿ, ಇದ್ದೇನಿ ಅಂತನ ಇದ್ದ. ಭಾಳ ಹೊತ್ತಾತು ಅಂತ ಜಗ್ಗಿದ್ರ ಹೆಣಾ ತಣ್ಣಗಾಗಿತ್ತು. ಕೆಳಗ ಇನ್ನೂ ಇದ್ದೇನಿ ಅಂತಿತ್ತು.” ದುಂಡವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. “ನಿಮ್ಮ ಚಿಗವ್ವ ಮೂವತ್ತು ವರ್ಷ ಸಂಜಿಗೊಮ್ಮೆ ಈ ಕಲ್ಲಿನ ಬಾಜು ಕುಂತು, ಇದ್ದೀಯೇನು ಅಂತ ಕೇಳತಿದ್ಲು. ಯಾತಕ್ಕ ಅಂತ ತಿಳೀತಿಲ್ಲೋ?”

ನೀಲಕ್ಕನಿಗೆ ಚಿಗವ್ವನ ಮೇಲೆ ಕನಿಕರವಾಯಿತು, ಕತೆಯ ಮೇಲೆ ನಂಬಿಕೆ ಬರಲಿಲ್ಲ. ಮರುದಿನ ಹಗೇವು ತೆಗೆಯುವ ಕಸುಬಿನ ಅಕ್ಬರಸಾಬನನ್ನು ಕರೆತಂದಳು. ಮಡಿವಾಳೆಪ್ಪನ ಹಗ್ಗ ಹಿಡಿದವನು ಅವನೇ, ಆಗ ಇಪ್ಪತ್ತರ ಹುಡುಗ. ಅವತ್ತು ತನ್ನ ಕಿವಿಯೇ ತಪ್ಪಿರಬೇಕು, ಕೆಟ್ಟ ಗಾಳಿಗೆ ಮನುಷ್ಯ ಸತ್ತ ಅಷ್ಟೇ ಎಂದು ಮೂವತ್ತು ವರ್ಷ ತನಗೆ ತಾನೇ ಹೇಳಿಕೊಂಡು ಬದುಕಿದವನು. ಇಳಿಯುವುದಿಲ್ಲ ಅಂದ. ಹಗ್ಗ ಹಿಡಿಯುವೆ ಅಂದ. ನೀಲಕ್ಕ ತಾನೇ ಇಳಿಯುವೆ ಅಂದಳು.

ಹಾರೆ ಹಾಕಿ ಕಲ್ಲು ಸರಿಸಿದಾಗ ನೆಲ ಉಸಿರು ಬಿಟ್ಟಿತು. ಹುಳಿತ ಕಾಳಿನ ವಾಸನೆ, ಮುಗ್ಗಿದ ಕಣಿಕೆಯ ವಾಸನೆ, ಇವುಗಳ ಅಡಿಯಲ್ಲಿ ಇನ್ನೊಂದು. ಬಹಳ ಹೊತ್ತು ಉಪವಾಸ ಇದ್ದವರ ಬಾಯಿಯ ವಾಸನೆ. ಒಂದು ಹಗಲು ಒಂದು ರಾತ್ರಿ ತೆರೆದಿಟ್ಟರು. ಮರುದಿನ ಮಟಮಟ ಮಧ್ಯಾಹ್ನ ಅಕ್ಬರಸಾಬ ಕಂದೀಲು ಇಳಿಬಿಟ್ಟ. ಉರಿ ಅಲುಗಲಿಲ್ಲ. ಗಾಳಿ ಚೆನ್ನಾಗಿತ್ತು.

“ನೋಡಬೇ, ದೀಪಕ್ಕ ಇಲ್ಲದ ಅಂಜಿಕಿ ನನಗ್ಯಾಕ?” ನೀಲಕ್ಕ ಕಚ್ಚೆ ಹಾಕಿ, ನಡುವಿಗೆ ಹಗ್ಗ ಬಿಗಿದುಕೊಂಡಳು. ದುಂಡವ್ವ ತನ್ನ ಗೋಡೆಯ ಆಚೆಯೇ ನಿಂತಿದ್ದಳು.

ಕೆಳಗೆ ತಂಪಿತ್ತು. ಮೇಲೆ ಉರಿಬಿಸಿಲು ಬೆಳ್ಳಿಯ ರೂಪಾಯಿಯಷ್ಟು ಕಾಣುತ್ತಿತ್ತು. ನೀಲಕ್ಕ ಹಳೆಯ ಕಣಿಕೆ ಕಿತ್ತು ಬುಟ್ಟಿಗೆ ತುಂಬುತ್ತ ಪದ್ಧತಿಯಂತೆ ಮಾತಾಡುತ್ತಲೇ ಇದ್ದಳು. ಇಲ್ಲಿ ನಿನ್ನ ಮಡಿವಾಳೆಪ್ಪನ ಬೀಡಿ ಸುದ್ದಾ ಇಲ್ಲ ಕಾಕಾ, ಅಂದಳು. ದುಂಡವ್ವಗ ಹೇಳು, ದೆವ್ವ ಉಣ್ಣಾಕ ಹೋಗೇತಿ ಅಂದಳು. ಕುಣಿಯ ಗೋಡೆಗೆ ಬಡಿದು ಅವಳ ನಗು ಅವಳಿಗೇ ಮರಳಿ ಬಂತು.

ಕಣಿಕೆಯ ಕೊನೆಯ ಸಿವುಡು ಎತ್ತಿದಳು. ಅದರ ಅಡಿಯಲ್ಲಿ ಒಂದು ಗೇಣುದ್ದದ ಗೊಂಬೆ. ಎಕ್ಕೆಯ ಬೇರಿನದು. ಕೂದಲು ಸುತ್ತಿ, ಎದೆಗೆ ತಾಮ್ರದ ತಗಡು ಬಡಿದಿದ್ದರು. ಮುಖದಲ್ಲಿ ಕಣ್ಣಿಲ್ಲ, ಮೂಗಿಲ್ಲ. ಬರಿಯ ಬಾಯಿ. ಅಗಲಕ್ಕೆ ತೆರೆದ ಬಾಯಿ.

ನೀಲಕ್ಕ ಅದನ್ನು ಕಂದೀಲಿನ ಹತ್ತಿರ ಹಿಡಿದಳು. ಅಂಜಿದ್ದು ತನಗೇ ಸಿಟ್ಟು ತಂತು. “ಯಾಕಬೇ ಫಕೀರವ್ವಾ,” ಎಂದಳು ಅದರ ಮುಖಕ್ಕೆ ಮುಖ ಇಟ್ಟು, “ಇನ್ನೂ ಹಸಿವೇನು?”

ಗೊಂಬೆ ಬಾಯಿ ಮುಚ್ಚಿಕೊಂಡಿತು.

ಮೆಲ್ಲಗೆ. ತುತ್ತು ಸಿಕ್ಕವರು ಮುಚ್ಚುವ ಹಾಗೆ.

ನೀಲಕ್ಕ ಚೀರಿದಳು. ಸಪ್ಪಳ ಬರಲಿಲ್ಲ. ಮತ್ತೆ ಚೀರಿದಳು. ಗಂಟಲೊಳಗೆ ಏನೂ ಇರಲಿಲ್ಲ, ಬರಿದಾದ ಚೀಲದ ಹಾಗೆ. ಉಸಿರು ಒಳಗೆ ಹೋಗಲಿಲ್ಲ. ಗೊಂಬೆ ಕೈಯಿಂದ ಜಾರಿತು. ಹಗ್ಗ. ಹಗ್ಗ ಹಿಡಿದು ಜಗ್ಗಿದಳು.

“ಏನವಾ? ಎಳೀಲೇನು?” ಮೇಲಿಂದ ಅಕ್ಬರಸಾಬನ ದನಿ.

“ಬ್ಯಾಡ ಕಾಕಾ. ಅರಾಮ ಇದ್ದೇನಿ.”

ಅವಳ ದನಿ. ಅವಳ ಕಾಲ ಬುಡದಿಂದ.

ಹಗ್ಗ ಸಡಿಲವಾಯಿತು.

ಅವಳು ಎರಡೂ ಕೈಯಿಂದ ಜಗ್ಗಿದಳು. “ಕಾಲಿಗೆ ಸಿಕ್ಕೇತಿ ಕಾಕಾ, ಇನ್ನಷ್ಟು ಬಿಡ್ರಿ,” ಅಂದಿತು ದನಿ, ತಣ್ಣಗೆ, ಮರ್ಯಾದೆಯಿಂದ. ಹಗ್ಗ ಇನ್ನಷ್ಟು ಇಳಿಯಿತು. ಕಂದೀಲಿನ ಉರಿ ಹಾಗೇ ನಿಂತಿತ್ತು. ಗಾಳಿ ಇತ್ತು. ಸುತ್ತ ಗಾಳಿ ಇತ್ತು. ಅವಳಿಗೆ ಮಾತ್ರ ಇರಲಿಲ್ಲ. ಕಣ್ಣ ಮುಂದೆ ಕಪ್ಪು ಕಾಳು ಸುರಿಯತೊಡಗಿದವು. ಗೋಡೆಯ ಮಗ್ಗುಲಲ್ಲಿ ಗಂಡು ದನಿಯೊಂದು, ಬಹಳ ದಣಿದದ್ದು, ಇದ್ದೇನಿ, ಇದ್ದೇನಿ ಎನ್ನುತ್ತಿತ್ತು.

ಆಗ ಮೇಲೆ ದುಂಡವ್ವನ ದನಿ ಕೇಳಿತು. ಗೋಡೆ ದಾಟಿ ಬಂದಿದ್ದಳು. “ಲೇ ನೀಲಿ, ಸಾಕು ಮಾಡಿ ಮ್ಯಾಲೆ ಬರ್ತಿಯೋ ಇಲ್ಲೋ?”

“ಹೂಂನಬೇ. ನೀ ಹೇಳಿದಂಗ.”

ಮೇಲೆ ದುಂಡವ್ವನ ಹೆಜ್ಜೆ ಹಗೇವಿನ ಅಂಚಿಗೇ ಬಂತು.

“ಜಗ್ಗು,” ಎಂದಳು ದುಂಡವ್ವ.

“ಮಾತಾಡಾಕತ್ತಾಳಲ್ಲಬೇ.”

“ಆರು ತಿಂಗಳದಾಗ ಆಕಿ ನನ್ನ ಒಂದ ಮಾತಿಗೂ ಹೂಂ ಅಂದಿಲ್ಲೋ ಸಾಬಾ. ಅದು ಆಕಿ ಅಲ್ಲ. ಜಗ್ಗು.”

ಎಳೀಬ್ಯಾಡ್ರಿ, ಅಂದಿತು ದನಿ. ಹಗ್ಗ ಬಿಗಿಯಿತು. ಎಳೀಬ್ಯಾಡ್ರಿ ಕಾಕಾ, ನಿಮ್ಮ ಕಾಲಿಗೆ ಬೀಳತೇನಿ. ನೀಲಕ್ಕನ ಕಾಲು ನೆಲ ಬಿಟ್ಟವು. ಪಾದಕ್ಕೆ ಏನೋ ತಾಗಿತು. ಒಣಗಿದ ತುಟಿಯ ಹಾಗೆ. ಬೆಳಕು ಹತ್ತಿರ ಬಂತು. ಬಿಸಿಲು. ಕಲ್ಲಿನ ಅಂಚು. ಅಕ್ಬರಸಾಬನ ಮುಷ್ಟಿ. ದುಂಡವ್ವ ಅವಳ ಜಡೆ ಹಿಡಿದು ಹೊರಗೆಳೆದಳು.

ಉಸಿರು ಬಂತು. ಅವಳು ಅಂಗಳದಲ್ಲಿ ಬೋರಲಾಗಿ ಬಿದ್ದು ಮಣ್ಣಿನ ವಾಸನೆ ಕುಡಿದಳು. ದುಂಡವ್ವನಿಗೆ ಏನೋ ಹೇಳಲು ಬಾಯಿ ತೆರೆದಳು. ಬಾಯಿ ಆಡಿತು, ತುಟಿ ಆಡಿದವು. ಮಾತು ಮಾತ್ರ ಹಗೇವಿನ ಬಾಯಿಂದ ಬಂತು: “ಹೂಂ.”

ಅಕ್ಬರಸಾಬ ಅಲ್ಲೇ ಕುಕ್ಕರಿಸಿ ಕೂತು ಅತ್ತ. ಮೂವತ್ತು ವರ್ಷದ ಹಿಂದೆ ಅವನ ಕಿವಿ ಸರಿಯಾಗಿಯೇ ಕೇಳಿತ್ತು.

ಹುಬ್ಬಳ್ಳಿಯಲ್ಲಿ ಡಾಕ್ಟರು ಗಂಟಲಿಗೆ ಬ್ಯಾಟರಿ ಹಿಡಿದು ನೋಡಿ, ಎಲ್ಲ ಸರಿ ಐತಲ್ಲ ಎಂದು ಅವಳ ಮುಖವನ್ನೇ ನೋಡಿದರು. ಕಲ್ಲು ಮುಚ್ಚಿ ಊರು ಬಿಡು ಎಂದು ಇಡೀ ಓಣಿ ಹೇಳಿತು. ನೀಲಕ್ಕ ತಲೆ ಅಡ್ಡ ಅಲ್ಲಾಡಿಸಿದಳು. ಹೊಸ ಕಣಿಕೆಯ ಸಿವುಡುಗಳನ್ನು ಮೇಲಿಂದಲೇ ಇಳಿಬಿಟ್ಟು, ಗಳದಿಂದ ಗೋಡೆಗೆ ಒತ್ತಿ ನಿಲ್ಲಿಸಿದಳು. ಆಮೇಲೆ ಒಂಬತ್ತು ಚೀಲವನ್ನೂ ತಾನೇ ಎಳೆದು ತಂದು, ಒಂದೊಂದೇ ಬಾಯಿ ಬಿಚ್ಚಿ ಸುರುವಿದಳು. ಹಸಿದ ಬಾಯಿಗೆ ಒಂದು ಬೊಗಸೆ ಕೊಡದವರ ಹಗೇವು ಅದು. ಅವಳು ಒಂಬತ್ತು ಚೀಲ ಕೊಟ್ಟಳು. ಮೊದಲ ಚೀಲಕ್ಕೆ ಗಂಡು ದನಿ ನಿಂತಿತು, ಮತ್ತೆ ಯಾವತ್ತೂ ಕೇಳಲಿಲ್ಲ. ಅವಳದು ಮಾತ್ರ ಕಾಳಿನ ಅಡಿಯಿಂದ ಹೂಂ, ಹೂಂ ಎನ್ನುತ್ತಲೇ ಉಳಿಯಿತು. ಅವಳು ಕಲ್ಲು ಮುಚ್ಚಿ ಮೆತ್ತಿದಳು.

ಒಂದು ತಿಂಗಳಿಗೆ ಸುದ್ದಿ ಮುಟ್ಟಿ ಅಂದಾನೆಪ್ಪ ಬಂದ. ಅಂಗಳದಲ್ಲಿ ನಿಂತು ಮನೆ ನೋಡಿದ, ಮಾಳಿಗೆ ನೋಡಿದ, ಕೊನೆಗೆ ತಂಗಿಯನ್ನು ನೋಡಿದ. ಹೊಲಕ್ಕೆ ಗಿರಾಕಿ ಗೊತ್ತು ಮಾಡಿಯೇ ಬಂದಿದ್ದ.

“ಮೂಕ ಹೆಂಗಸು ಒಬ್ಬಾಕಿನ ಹೆಂಗ ಬಾಳೇವು ಮಾಡ್ತಿ? ಟ್ರಂಕ್ ಕಟ್ಟು. ಹೋಗೂಣು ನಡಿ.”

“ಹೂಂ ಅಣ್ಣಾ. ಬರ್ತೇನಿ.”

ಅಂದಾನೆಪ್ಪನ ಮುಖ ಅರಳಿತು. “ಮತ್ತ ಮಾತು ಬರ್ತಾವಲ್ಲ,” ಎಂದು ಅವಳ ಕಡೆ ತಿರುಗಿದ. ನೀಲಕ್ಕ ತುಟಿ ಬಿಗಿದು ನಿಂತಿದ್ದಳು.

“ನೀ ಹೇಳಿದಂಗ ಅಣ್ಣಾ. ಗದ್ದಿಗೆ ಹೋಗ್ತೇನಿ ಅಣ್ಣಾ.”

ಅವನು ಮೆಲ್ಲಗೆ ಕೆಳಗೆ ನೋಡಿದ. ತನ್ನ ಚಪ್ಪಲಿ, ಅದರ ಅಡಿಯ ಕಲ್ಲು. ಏಳು ವರ್ಷ ದಿನಾ ಕೇಳಿದ ದನಿ ಅದು. ಗುರುತು ತಪ್ಪುವಂತಿರಲಿಲ್ಲ. ಒಂದೇ ಜಿಗಿತಕ್ಕೆ ಕಲ್ಲು ಬಿಟ್ಟು ಇಳಿದ.

ನೀಲಕ್ಕ ಅವನ ಚೀಲ ತೆಗೆದುಕೊಂಡು ಹೊಸ್ತಿಲ ಆಚೆ ಇಟ್ಟಳು. ಹೊಳ್ಳಿ ಬಂದು, ಬರಿಗಾಲಲ್ಲಿ ಕಲ್ಲಿನ ಮೇಲೆ ಹತ್ತಿ ನಿಂತಳು. ಅಂಗಾಲಿಗೆ ಕಲ್ಲು ನಡುಗುವುದು ಗೊತ್ತಾಗುತ್ತಿತ್ತು. ಅಣ್ಣನ ಕಣ್ಣಲ್ಲಿ ಕಣ್ಣಿಟ್ಟು ತಲೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸಿದಳು.

ಅಂದಾನೆಪ್ಪ ಬಸ್ಸಿಗೂ ಕಾಯಲಿಲ್ಲ. ಕುಂದಗೋಳದ ದಾರಿ ಹಿಡಿದು ನಡೆದೇ ಹೋದ.

ಸಂಜೆಗೆ ದುಂಡವ್ವ ಗೋಡೆಯ ಮೇಲಿಂದ ಮಜ್ಜಿಗೆಯ ಗಡಿಗೆ ಚಾಚಿ, ಇನ್ನಾರ ಬುದ್ಧಿ ಬಂತೇನು, ಆ ಹಗೇವು ಬಿಟ್ಟು ದೂರ ಮಲಗ್ತಿಯೇನು ಎಂದು ಕೇಳಿದಳು. ಕಲ್ಲಿನ ಅಡಿಯಿಂದ ಹೂಂ ಎಂದು ಬಂತು. ನೀಲಕ್ಕ ಗಡಿಗೆ ಇಸಿದುಕೊಂಡು ದುಂಡವ್ವನ ಮುಖ ನೋಡಿ ಸಪ್ಪಳಿಲ್ಲದೆ ನಕ್ಕಳು. ಹಾಸಿಗೆ ಸುರುಳಿ ತಂದು ಕಲ್ಲಿನ ಮೇಲೆಯೇ ಹಾಸಿ, ಅದರ ಮೇಲೆ ಕೂತು ರೊಟ್ಟಿ ಮುರಿದಳು.