ಬಾಗಿಲ ಕೆಂಪು ದೀಪ

ಮಿರಜದಲ್ಲಿ ನನ್ನದು ಕಾರುಗಳ ವೈರಿಂಗ್ ಕೆಲಸ. ದೀಪ ಹತ್ತಿದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ ಎಂದು ನಂಬಿದವನು ನಾನು.

1999ರ ಮೇ ತಿಂಗಳ ಒಂದು ಮಧ್ಯಾಹ್ನ ಬುಧಗಾಂವದ ಧನ್ಯಕುಮಾರ ಕಾಕಾ, ಹೆಂಡತಿ ಇಂದುಬಾಯಿಯ ಜೊತೆ, ತಾವು ಕೊಂಡ ಹಳೆಯ ಕಾರು ತಂದರು. ಅದು ಮೊದಲು ಬಾಗಲಕೋಟೆ ಕಡೆಯ ರೋಗಿಗಳನ್ನು ಮಿರಜದ ದವಾಖಾನೆಗಳಿಗೆ ಕರೆತರುತ್ತಿದ್ದ ಬಾಡಿಗೆ ಗಾಡಿ. ಎಲ್ಲ ಬಾಗಿಲು ಹಾಕಿದ್ದರೂ, ಬಾಗಿಲು ತೆರೆದಿದೆ ಎನ್ನುವ ಕೆಂಪು ದೀಪ ಆರುತ್ತಿರಲಿಲ್ಲ.

ಸ್ವಿಚ್ಚು ಬದಲಿಸಿದೆ, ವೈರು ಕಿತ್ತೆ. ಕೊನೆಗೆ ಡ್ಯಾಶ್‌ಬೋರ್ಡ್ ಬಿಚ್ಚಿ ಬಲ್ಬನ್ನೇ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡೆ. ಖಾಲಿ ಗೂಡಿನಲ್ಲಿ ಅದೇ ಕೆಂಪು ಬೆಳಕು ಹಾಗೆಯೇ ಉಳಿಯಿತು. ಹೊರಗೆ ಸುಡುಬಿಸಿಲು, ಹಿಂದಿನ ಸೀಟು ಮಾತ್ರ ಒದ್ದೆ ಬಟ್ಟೆಯಂತೆ ತಣ್ಣಗಿತ್ತು. ಗಾಡಿ ಹಿಂಬದಿಯಲ್ಲಿ ಎಡಕ್ಕೆ ಎರಡು ಬೆರಳಿನಷ್ಟು ಕುಸಿದಿತ್ತು.

ಇಬ್ಬರ ಮನೆಯಲ್ಲೂ ಕನ್ನಡವಾದರೂ ಗ್ಯಾರೇಜಿನಲ್ಲಿ ನಾನು, ಕಾಕಾ ಮಾತಾಡಿದ್ದೆಲ್ಲ ಮರಾಠಿಯಲ್ಲೇ. ಕುಸಿದ ಹಿಂಬದಿಯನ್ನೇ ನೋಡುತ್ತಿದ್ದ ಇಂದುಬಾಯಿ ಸಿಟ್ಟಾದರು. "ಬಾಗಲಕೋಟಿ ಮಂದಿಗೆ ನಿಮ್ಮ ಮರಾಠಿ ಹೆಂಗ ತಿಳೀಬೇಕು?"

ಹಿಂದಿನ ಎಡಬಾಗಿಲು ತೆರೆದು ಖಾಲಿ ಸೀಟಿನತ್ತ ಕೈ ಚಾಚಿದರು.

"ಮಿರಜ ಬಂತರಿ ಯವ್ವಾ. ಸಾವಕಾಶ ಇಳೀರಿ."

ಭಾರ ಬಿದ್ದಂತೆ ಅವರ ಕೈ ಸ್ವಲ್ಪ ತಗ್ಗಿತು. ಗಾಡಿಯ ಎಡಬದಿ ಮೆಲ್ಲಗೆ ಮೇಲೆದ್ದಿತು. ಬಾಗಿಲು ಇನ್ನೂ ತೆರೆದೇ ಇತ್ತು, ಆದರೂ ದೀಪ ಆರಿತು.

ಕಾಕಾ ಕೈಮುಗಿದರು. ನಾನೂ ಮುಗಿದೆ, ಯಾರಿಗೆಂದು ತಿಳಿಯದೆ. ಆಮೇಲೆ ಜೇಬಿಗೆ ಕೈ ಹಾಕಿದೆ. ಒಂದು ತಾಸಿನಿಂದ ಅಲ್ಲಿದ್ದ ಬಲ್ಬು, ಆಗಷ್ಟೇ ಆರಿದ ದೀಪದಂತೆ ಬಿಸಿಯಾಗಿತ್ತು.