ಬರ್ತಾ ಮಾವ್ಶಿಗೆ ಎರಡು ತಾಸಿನ ನೆನಪು

1986ರ ಕ್ರಿಸ್ಮಸ್ ಊಟದ ಹೊತ್ತಿಗೆ ಎಲ್ಲರ ಎದುರಿಗೇ ಬರ್ತಾ ಮಾವ್ಶಿ, ಕಲ್ಯಾಣಪುರದ ತನ್ನ ತೆಂಗಿನ ತೋಟ ಆಂಜೆಲಾಳಿಗೆ ಎಂದುಬಿಟ್ಟಳು. "ವಿಲ್ಫ್ರೆಡನಿಗೆ ಎಂತಕ್ಕೆ ತೋಟ? ಅವನಿಗೆ ಮಣಿಪಾಲದ ಆಸ್ಪತ್ರೆಯಲ್ಲಿ ಫ್ಯಾನಿನ ಅಡಿ ಕೆಲಸ ಉಂಟಲ್ಲ." ಎಲ್ಲರೂ ನಕ್ಕರು. ಕಾರ್ಕಳದಲ್ಲಿ ನರ್ಸ್ ಆಗಿದ್ದ ಅವನ ತಂಗಿ ಆಂಜೆಲಾ ಸ್ವಲ್ಪ ಹೆಚ್ಚೇ ನಕ್ಕಳು. ವಿಲ್ಫ್ರೆಡನ ಹೊಟ್ಟೆ ಉರಿಯಿತು. ಮಕ್ಕಳಿಲ್ಲದ ಆ ಚಿಕ್ಕಮ್ಮನ ಮನೆಗೆ ಪ್ರತಿ ಭಾನುವಾರ ಬಸ್ಸು ಹತ್ತಿ ಹೋಗುತ್ತಿದ್ದವನು ಅವನೊಬ್ಬನೇ.

ದೇವರಿಗೂ ಇದು ಅನ್ಯಾಯ ಎನಿಸಿರಬೇಕು. ಈಸ್ಟರ್ ಕಳೆದದ್ದೇ ಮಾವ್ಶಿಗೆ ಮರೆವು ಹಿಡಿಯಿತು. ಅವನನ್ನು ಸತ್ತ ಗಂಡನ ಹೆಸರಿನಿಂದ ಕರೆದಳು. ಊಟವಾಯಿತಾ ಎಂದು ಮೂರು ಸಲ ಕೇಳಿದಳು. ಈ ವಾರ ಹೇಳಿದ್ದು ಮುಂದಿನ ವಾರಕ್ಕೆ ಇಲ್ಲ. ಡಾಕ್ಟರರಿಗೆ ತೋರಿಸುವ ಅಗತ್ಯ ವಿಲ್ಫ್ರೆಡನಿಗೆ ಕಾಣಲಿಲ್ಲ. ಹನ್ನೆರಡು ವರ್ಷ ಡಾಕ್ಟರರ ಕಾಗದ ಟೈಪ್ ಮಾಡಿದವನಿಗೆ ಅಷ್ಟೂ ಗೊತ್ತಾಗದೇ? ಅಲ್ಝೈಮರ್ಸ್.

ಅದರಿಂದ ಒಂದು ಅನುಕೂಲವೂ ಆಯಿತು. ಇಗರ್ಜಿಯಲ್ಲಿ ಪಾಪ ನಿವೇದನೆ ಮಾಡಿದರೆ ಪಾದ್ರಿಗಳು ಕ್ಷಮಿಸುತ್ತಾರೆ, ನಿಜ; ಆದರೆ ವರ್ಷವಿಡೀ ಒಂದು ಥರಾ ನೋಡುತ್ತಾರೆ. ಮಾವ್ಶಿಯ ಬಳಿ ಆ ಕಿರಿಕಿರಿ ಇರಲಿಲ್ಲ. ಆಫೀಸಿನ ಸ್ಪಿರಿಟ್ ಮನೆಗೆ ಸಾಗಿಸಿದ್ದು, ಸುಳ್ಳು ರಜೆ, ಎಲ್ಲವನ್ನೂ ಅವಳಿಗೇ ಒಪ್ಪಿಸಿ ಹಗುರಾದ. ಅವಳು ಕಾಫಿ ಕೊಟ್ಟು ಕೇಳುತ್ತಿದ್ದಳು, ಮುಂದಿನ ವಾರ "ನೀನು ಯಾರ ಮಗ ಪುತಾ?" ಎನ್ನುತ್ತಿದ್ದಳು.

ತೋಟದ ದಾನಪತ್ರ ತನ್ನ ಹೆಸರಿಗೆ ಬರೆಸಿಕೊಳ್ಳಲು ತೊಡಕು ಒಂದೇ. ಉಡುಪಿಯ ಸಬ್ ರಿಜಿಸ್ಟ್ರಾರ್ ದೇವದಾಸರು ತಮ್ಮ ಹೆಸರು, ತಂದೆಯ ಹೆಸರು, ಜಾಗದ ಗಡಿ ಹೇಳಲಾರದವರ ಕಾಗದ ಮುಟ್ಟುವವರಲ್ಲ.

ಆಗಲೇ ಅವನ ವಿಭಾಗದ ಡಾ. ನಳಿನಾಕ್ಷಿ ಹೊಸ ಕ್ಯಾಪ್ಸೂಲಿನ ಪರೀಕ್ಷೆ ಶುರುಮಾಡಿದರು. ನೆನಪಿನ ಕೆಲಸಕ್ಕೆ ಮಿದುಳಿಗೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬೇಕು. ಈ ರೋಗದಲ್ಲಿ ಅದನ್ನು ತಯಾರಿಸುವ ಜೀವಕೋಶಗಳೇ ಸಾಯುತ್ತವೆ. ಉಳಿದಷ್ಟನ್ನೂ ಒಂದು ಕಿಣ್ವ ನುಂಗುತ್ತದೆ. ಕ್ಯಾಪ್ಸೂಲು ಆ ಕಿಣ್ವದ ಬಾಯಿ ಕಟ್ಟುತ್ತದೆ. ಕೆಲವು ತಾಸು ಬುದ್ಧಿ ತಿಳಿಯಾಗಬಹುದು, ಮತ್ತೆ ಮೊದಲಿನಂತೆ. ಟೈಪ್ ಮಾಡುತ್ತಲೇ ವಿಲ್ಫ್ರೆಡನಿಗೆ ದಾರಿ ಹೊಳೆಯಿತು. ಬಾಡಿಗೆ ಸೈಕಲ್ಲಿನಂತೆ ನೆನಪನ್ನು ಎರಡು ತಾಸಿಗೆ ತಂದು, ಸಹಿ ಹಾಕಿಸಿ, ಹಿಂದಿರುಗಿಸಿದರಾಯಿತು. ಮಾಡಿದ ದಾನವನ್ನೇ ಮರೆತವಳು ಯಾರ ಮೇಲೆ ದೂರು ಕೊಟ್ಟಾಳು?

ಬಾಟಲಿಗಳ ಚೀಟಿಯ ಮೇಲೆ ಬರೀ ರೋಗಿಯ ನಂಬರು. ಕೆಲವುಗಳಲ್ಲಿ ಔಷಧ, ಕೆಲವುಗಳಲ್ಲಿ ಸಕ್ಕರೆ. ಯಾವುದು ಯಾವುದೆಂದು ಡಾಕ್ಟರರಿಗೂ ತಿಳಿಯಬಾರದು ಎಂದು ಪಟ್ಟಿಯನ್ನು ಲಕೋಟೆಯಲ್ಲಿ ಅಂಟಿಸಿಟ್ಟಿದ್ದರು. ವಿಲ್ಫ್ರೆಡ್ ಚಹಾದ ಕೆಟಲಿನ ಹಬೆಗೆ ಲಕೋಟೆ ಹಿಡಿದು ಬಿಡಿಸಿದ. ಏಳನೇ ನಂಬರು: ಔಷಧ. ಮತ್ತೆ ಅಂಟಿಸಿದ. ಏಳನೇ ನಂಬರಿನ ಒಂದು ಬಾಟಲಿ ಕಿಸೆ ಸೇರಿತು.

ಭಾನುವಾರ ಮಾವ್ಶಿಗೆ ಇದನ್ನೂ ಒಪ್ಪಿಸಿದ. ಕಾಗದ ಆಂಜೆಲಾಳಿಗೆಂದು ನಾಳೆ ನಿನಗೆ ಹೇಳುತ್ತೇನೆ, ಆದರೆ ಇರುವುದು ನನ್ನ ಹೆಸರಿಗೆ, ಎಂದ. ಹೆದರಿಕೆ ಇರಲಿಲ್ಲ. ಈ ರೋಗದಲ್ಲಿ ಹೊಸ ಮಾತು ಮಿದುಳಿನಲ್ಲಿ ನಿಲ್ಲುವುದೇ ಇಲ್ಲ, ನಿಲ್ಲದ್ದನ್ನು ಯಾವ ಕ್ಯಾಪ್ಸೂಲೂ ಹುಡುಕಿ ಕೊಡಲಾರದು.

ಸೋಮವಾರ ಬೆಳಿಗ್ಗೆ ಕಾಫಿಯ ಜೊತೆ ಕ್ಯಾಪ್ಸೂಲು ಕೊಟ್ಟ. ಹನ್ನೊಂದಕ್ಕೆ ದೇವದಾಸರ ಮೇಜಿನ ಎದುರು ಮಾವ್ಶಿ ಹೆಸರು, ತಂದೆಯ ಹೆಸರು, ತೋಟದ ನಾಲ್ಕೂ ಗಡಿ ಪಟಪಟನೆ ಹೇಳಿದಳು. ವಿಜ್ಞಾನಕ್ಕೆ ಕೈಮುಗಿಯಬೇಕು ಎನಿಸಿತು ವಿಲ್ಫ್ರೆಡನಿಗೆ.

"ಕಾಗದದಲ್ಲಿ ಎಂತ ಬರೆದಿದೆ, ಗೊತ್ತುಂಟಾ ಅಮ್ಮ?" ದೇವದಾಸರು ಕೇಳಿದರು.

"ಗೊತ್ತುಂಟು. ತೋಟ ವಿಲ್ಫ್ರೆಡನಿಗೆ ಅಂತ. ನಿನ್ನೆ ಅವನೇ ಹೇಳಿದ. ನನಗೆ ಒಪ್ಪಿಗೆ ಇಲ್ಲ." ಬಳಿಕ ಅವಳು ಸ್ಪಿರಿಟಿನಿಂದ ಹಿಡಿದು ಕೆಟಲಿನವರೆಗೆ ಒಂದೂ ಬಿಡದೆ, ವಾರದ ಲೆಕ್ಕದಲ್ಲಿ ಹೇಳಿದಳು. ದೇವದಾಸರು ಪೆನ್ನು ಕೆಳಗಿಟ್ಟು ಮಣಿಪಾಲಕ್ಕೆ ಫೋನ್ ಮಾಡಿದರು. ಆಗಲೂ ವಿಲ್ಫ್ರೆಡ್ ಮನಸ್ಸಿನಲ್ಲಿ ಬೈದದ್ದು ಔಷಧವನ್ನೇ: ಇಷ್ಟು ಜೋರು ಇರಬಾರದಿತ್ತು.

ಮಧ್ಯಾಹ್ನ ಡಾ. ನಳಿನಾಕ್ಷಿ ಲಕೋಟೆ ಹಿಡಿದೇ ಬಂದರು. ಬಾಟಲಿ ತಿರುಗಿಸಿ ತಳದಲ್ಲಿದ್ದ ವಾರದ ಅಂಕಿ ನೋಡಿ, ಲಕೋಟೆ ಹರಿದು, ಅವನು ಬಿಡಿಸಿ ನೋಡದಿದ್ದ ಎರಡನೇ ಹಾಳೆಯನ್ನು ಮೇಜಿನ ಮೇಲೆ ಹರಡಿದರು. "ಆರು ವಾರ ಔಷಧ ತಿಂದವರಿಗೆ ಮುಂದಿನ ಆರು ವಾರ ಸಕ್ಕರೆ, ವಿಲ್ಫ್ರೆಡ್. ಇದು ಎಂಟನೇ ವಾರದ ಬಾಟಲಿ. ನೀವು ಕದ್ದದ್ದು ಬರೀ ಸಕ್ಕರೆ." ವಿಲ್ಫ್ರೆಡ್ ನಿಧಾನವಾಗಿ ಮಾವ್ಶಿಯ ಕಡೆ ತಿರುಗಿದ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. "ಮೊದಲೆಲ್ಲ ನೀನು ಹತ್ತು ನಿಮಿಷಕ್ಕೆ ಎದ್ದು ಹೋಗುತ್ತಿದ್ದೆ ಪುತಾ," ಎಂದಳು. "ನಾನು ಮರೆತವಳ ಹಾಗೆ ಇದ್ದರೆ ನೀನು ಸಂಜೆಯವರೆಗೆ ಕೂರುತ್ತಿದ್ದೆ."